ಡಿಗ್ರಿ ಬೇಡ ಅನ್ನುವ ಮೊದಲು

ನಮ್ಮ ಮನೆಯಲ್ಲಿ ಬುದ್ಧಿವಂತ ನಮ್ಮಣ್ಣ, ಓದಿದವಳು ನಾನು. ವಿನಯಕ್ಕೆ ಹೇಳುವ ಮಾತಲ್ಲ ಇದು. ಚನ್ನಗಿರಿ ತಾಲ್ಲೂಕಿನ ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಹೈಸ್ಕೂಲಿನಲ್ಲಿ ಗಣಿತ ಅಂದರೆ ಅವನೇ. ಪಿಯುಸಿ ಫಲಿತಾಂಶ ಬಂದ ವಾರ ಗಣಿತದ ಮೇಷ್ಟ್ರು ಸೈಕಲ್ ತುಳಿದುಕೊಂಡು ಮನೆಗೆ ಬಂದು, "ಇವನನ್ನ ಬಿ.ಎಸ್ಸಿ.ಗೆ ಸೇರಿಸಿ ಗೌಡ್ರೇ, ನಿಲ್ಲಿಸಬೇಡಿ" ಎಂದು ಅಪ್ಪನ ಎದುರು ಕೂತು ಹೇಳಿ ಹೋದರು. ಅದೇ ಮಳೆಗಾಲ ಅಪ್ಪನಿಗೆ ಲಕ್ವ ಹೊಡೆಯಿತು. ತೋಟ ನೋಡುವವರು ಬೇರೆ ಯಾರೂ ಇರಲಿಲ್ಲ. ಅಣ್ಣ ತೋಟಕ್ಕೆ ಇಳಿದ. ನನ್ನನ್ನು ಶಿವಮೊಗ್ಗದ ಹಾಸ್ಟೆಲಿಗೆ ಬಿಟ್ಟು ಬಂದವನು, ಬಿ.ಎ. ಮುಗಿದ ಮೇಲೆ ಎಂ.ಎ.ಗೂ ದುಡ್ಡು ಹೊಂದಿಸಿದವನು ಅವನೇ. ನನಗಿಂತ ಎರಡೇ ವರ್ಷಕ್ಕೆ ದೊಡ್ಡವನು.

ಆಮೇಲೆ ನಾನು ಪಿಯು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿಯಾಗಿ ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ವರ್ಗವಾಗುತ್ತಾ ಸೇವೆ ಮುಗಿಸಿದೆ. ಹದಿನೇಳು ಹದಿನೆಂಟರ ಮಕ್ಕಳು ಮುಂದೇನು ಎಂದು ನಿಂತು ಯೋಚಿಸುವ ಜಾಗ ಪಿಯು ಕಾಲೇಜು. "ಡಿಗ್ರಿ ಮಾಡಲೇಬೇಕಾ ಮೇಡಂ?", "ಓದದೇ ಇದ್ದೋರು ಉದ್ಧಾರ ಆಗಿಲ್ವಾ?", "ಓದಿದೋರೆಲ್ಲ ಬುದ್ಧಿವಂತರಾ?" ಈ ಮೂರು ಪ್ರಶ್ನೆಗಳನ್ನು ನನ್ನಷ್ಟು ಕೇಳಿಸಿಕೊಂಡವರು ಕಡಿಮೆ. ಕೊನೆಯದಕ್ಕೆ ಉತ್ತರ ಸುಲಭ. ಮೊದಲಿನೆರಡಕ್ಕೆ ಮಾತ್ರ ಮೂರು ಊರಿನಲ್ಲೂ ಒಂದೇ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಣ್ಣನ ಬುದ್ಧಿ ನೋಡಬೇಕಾದರೆ ಖೇಣಿ ಮಾತಾಡುವ ದಿನ ತೋಟಕ್ಕೆ ಬರಬೇಕು. ನಮ್ಮ ಕಡೆ ಅಡಿಕೆ ಫಸಲು ಮರದ ಮೇಲಿರುವಾಗಲೇ ಅದನ್ನು ಮಾತಾಡಿ ಕೊಟ್ಟುಬಿಡುವ ರೂಢಿಯಿದೆ. ಖೇಣಿ ಹಿಡಿದವನು ಮುಂಗಡ ಕೊಟ್ಟು, ಗೊನೆ ಇಳಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರಿಕೊಳ್ಳುತ್ತಾನೆ. ಲಾಭವೂ ಅವನದೇ, ನಷ್ಟವೂ ಅವನದೇ. ಅಣ್ಣ ತನ್ನ ತೋಟ ನೋಡಿಕೊಳ್ಳುವುದರ ಜೊತೆಗೆ ಅಕ್ಕಪಕ್ಕದ ಊರುಗಳ ತೋಟಗಳನ್ನೂ ಖೇಣಿ ಹಿಡಿಯುತ್ತಾನೆ. ಒಂದು ಸಲ ರಜೆಯಲ್ಲಿ ಅವನ ಹಿಂದೆ ಹೋಗಿದ್ದೆ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ತಲೆ ಮೇಲೆತ್ತಿ, ಸಾಲುಗಳ ನಡುವೆ ಸುಮ್ಮನೆ ನಡೆಯುತ್ತಾನೆ. ಯಾವ ಮರದಲ್ಲಿ ಮೂರು ಗೊನೆ, ಯಾವುದರಲ್ಲಿ ಎರಡೇ, ಯಾವ ಸಾಲಿನಲ್ಲಿ ನೀರು ನಿಂತು ಮರ ಸೊರಗಿದೆ, ಎಲ್ಲಿ ಕೊಳೆ ಬಿದ್ದಿದೆ, ಎಲ್ಲವೂ ಅವನ ಕಣ್ಣಿಗೆ ಬೀಳುತ್ತದೆ. ನಡುವೆ ಒಂದೆರಡು ಕಾಯಿ ಕೆಡವಿಸಿ ಚಾಕುವಿನಿಂದ ಸೀಳಿ ಒಳಗಿನದನ್ನು ಉಗುರಿನಿಂದ ಒತ್ತಿ ನೋಡುತ್ತಾನೆ. ಹದವಾಗಿ ಬಲಿತಿದ್ದರೆ ಒಂದು ಕ್ವಿಂಟಲ್ ಹಸಿ ಅಡಿಕೆಗೆ 12–13 ಕೆ.ಜಿ. ಒಣ ಅಡಿಕೆ ಬೀಳುತ್ತದೆ. ಎಳೆಯದಾದರೆ ಅಷ್ಟು ಬೀಳುವುದಿಲ್ಲ. ಆಮೇಲೆ ಗೊನೆ ಇಳಿಸುವವರ ಕೂಲಿ, ಸುಲಿಯುವ ಹೆಂಗಸರ ಕೂಲಿ, ಹಂಡೆಗೆ ಸೌದೆ, ಒಣಗಲು ಹಾಕಿದಾಗ ಮಳೆ ಹಿಡಿದುಕೊಂಡರೆ ಆಗುವ ನಷ್ಟ, ಎರಡು ತಿಂಗಳು ಕಳೆದು ಮಂಡಿಯಲ್ಲಿ ರಾಶಿ ಅಡಿಕೆಗೆ ಇರಬಹುದಾದ ದರ. ಇಷ್ಟನ್ನೂ ತಲೆಯೊಳಗೇ ಕೂಡಿ ಕಳೆದು, ತೋಟದ ಗೇಟಿನ ಹತ್ತಿರ ಬರುವ ಹೊತ್ತಿಗೆ ಒಂದು ಮೊತ್ತ ಹೇಳುತ್ತಾನೆ. ಕಾಗದ ಪೆನ್ನು ಮುಟ್ಟಿದ್ದನ್ನು ನಾನು ಕಂಡಿಲ್ಲ. ಅಂದಾಜು ತಪ್ಪಿದ ವರ್ಷಗಳೂ ಇವೆ. ತಪ್ಪಿದಾಗ ಎಲ್ಲಿ ತಪ್ಪಿತು ಎಂಬುದು ಅವನಿಗೆ ಗೊತ್ತಿರುತ್ತದೆ. ಅದನ್ನೇ ನಾನು ಬುದ್ಧಿ ಎನ್ನುವುದು. ಅರ್ಥಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರ ಜೊತೆ ಕೆಲಸ ಮಾಡಿದ್ದೇನೆ. ಆ ತೋಟದಲ್ಲಿ ನಿಲ್ಲಿಸಿದರೆ ಅವರಿಂದ ಈ ಲೆಕ್ಕ ಆಗುತ್ತಿರಲಿಲ್ಲ.

ಇಂಥ ಬುದ್ಧಿ ಹಿಂದೆಯೂ ಇತ್ತು. ನಮ್ಮೂರಿನಿಂದ ಸೂಳೆಕೆರೆ ದೂರವಲ್ಲ. ಶಾಂತಿಸಾಗರ ಎಂದೂ ಕರೆಯುತ್ತಾರೆ. ಶಾಂತವ್ವ ಕಟ್ಟಿಸಿದಳು ಎನ್ನುವ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಜಾಗ ಹುಡುಕಿ, ಅಲ್ಲಿ ಹರಿದ್ರಾವತಿ ಹಳ್ಳಕ್ಕೆ ಏರಿ ಹಾಕಿದ್ದಾರೆ. ಏರಿ ಉದ್ದದಲ್ಲಿ ದೊಡ್ಡದಲ್ಲ, ಅಗಲದಲ್ಲಿ ದೊಡ್ಡದು. ಅಷ್ಟು ಚಿಕ್ಕ ಏರಿಯ ಹಿಂದೆ ಸಮುದ್ರದಂತೆ ನೀರು ನಿಲ್ಲುತ್ತದೆ. ಸಿದ್ಧನ ತೂಬು, ಬಸವನ ತೂಬು ಎಂದು ಎರಡು ತೂಬುಗಳು. ಇಂದಿಗೂ ಅದರ ನೀರು ಗದ್ದೆಗಳಿಗೆ ಹರಿಯುತ್ತದೆ, ಚಿತ್ರದುರ್ಗದ ಕಡೆಗೆ ಕುಡಿಯಲು ಹೋಗುತ್ತದೆ. ಆ ಜಾಗ ಆರಿಸಿದವರು, ನೀರಿನ ಒತ್ತಡಕ್ಕೆ ಏರಿ ಎಷ್ಟು ದಪ್ಪ ಇರಬೇಕೆಂದು ಅಳೆದವರು ಯಾವ ವಿಶ್ವವಿದ್ಯಾಲಯದಲ್ಲೂ ಓದಿದವರಲ್ಲ. ತಿಳಿದವರ ಕೈಕೆಳಗೆ ದುಡಿದು ಕಲಿತವರು. ಶತಮಾನಗಳ ನೆರೆಯನ್ನು ಆ ಏರಿ ತಡೆದಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಯಾಕೆ ಬೇಕು?

ಹಾಗಾದರೆ ನಾನು ಓದಿ ಪಡೆದದ್ದೇನು? ಸಂಬಳವೊಂದೇ ಎಂದರೆ ಸುಳ್ಳಾಗುತ್ತದೆ. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಆರಂಭವಾಯಿತು. ನಾನು ಎಂ.ಎ.ಗೆ ಅದರ ಶಂಕರಘಟ್ಟದ ಆವರಣಕ್ಕೆ ಹೋದಾಗ ಅದು ಹೊಸತು. ಸುತ್ತ ಕಾಡು, ಹತ್ತಿರದಲ್ಲೇ ಭದ್ರಾ ಅಣೆಕಟ್ಟು, ಸಂಜೆಯಾದರೆ ಬಸ್ಸಿಲ್ಲ. ಗ್ರಂಥಾಲಯದಲ್ಲಿ ಒಂದು ದಿನ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೇ ಸಂಪುಟ ಕೈಗೆ ಬಂತು. 1902ರಲ್ಲಿ ಅಚ್ಚಾದದ್ದು. ಪುಟ ತಿರುಗಿಸಿದರೆ ಚನ್ನಗಿರಿ ತಾಲ್ಲೂಕು, ಹೊನ್ನಾಳಿ ತಾಲ್ಲೂಕು. ಆಗ ಇವೆರಡೂ ಶಿವಮೊಗ್ಗ ಜಿಲ್ಲೆಯವು. ನಾವು ಚಿಕ್ಕವರಿದ್ದಾಗ ಎಮ್ಮೆ ಮೈ ತೊಳೆಯುತ್ತಾ ಕೂರುತ್ತಿದ್ದ ಕೆರೆ ದಂಡೆಯ ಕಲ್ಲುಗಳಂಥವನ್ನು ಯಾರೋ ನೂರು ವರ್ಷದ ಹಿಂದೆ ಊರೂರು ಸುತ್ತಿ ಓದಿ, ಅಕ್ಷರ ಅಕ್ಷರವಾಗಿ ಬರೆದಿಟ್ಟಿದ್ದರು. ನಮ್ಮಂಥ ಊರಿಗೂ ಇತಿಹಾಸವಿದೆ, ಅದು ಪುಸ್ತಕದಲ್ಲಿ ಇರುವಷ್ಟು ದೊಡ್ಡದು ಎಂದು ನನಗೆ ಗೊತ್ತಾದದ್ದು ಅಂದು. ಆ ದಿನ ಊಟ ಮರೆತು ಓದಿದೆ. ವಿಶ್ವವಿದ್ಯಾಲಯ ನನಗೆ ಕೊಟ್ಟದ್ದು ಇದು: ನನ್ನ ಊರನ್ನು ಊರಿನ ಹೊರಗೆ ನಿಂತು ನೋಡುವ ಕಣ್ಣು. ಗುರುಗಳ ಎದುರು ನಿಂತು "ಸಾರ್, ಇದು ಹೀಗಿರಲಿಕ್ಕಿಲ್ಲ" ಅನ್ನುವ ಧೈರ್ಯವೂ ಅಲ್ಲೇ ಬಂತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದು ಸಣ್ಣ ಸಂಗತಿಯಲ್ಲ.

ಮುಂದಿನ ರಜೆಯಲ್ಲಿ ಊರಿಗೆ ಬಂದು ಅಣ್ಣನನ್ನು ಕೆರೆ ದಂಡೆಗೆ ಕರೆದುಕೊಂಡು ಹೋದೆ. ಕಲ್ಲಿನ ಮೇಲೆ ಸೀಮೆಸುಣ್ಣ ಉಜ್ಜಿ, ತಿಳಿದಷ್ಟು ಓದಿದೆ. ಕೆರೆಗೆ ಗದ್ದೆ ಬಿಟ್ಟ ವಿಚಾರ ಅರ್ಧಂಬರ್ಧ ಸಿಕ್ಕಿತು. ಕೇಳಿಸಿಕೊಂಡ ಅಣ್ಣ, "ಗದ್ದೆ ಯಾವ ದಿಕ್ಕಿಗೆ ಅಂತ ಬರೆದವ್ರೆ? ಈಗಿನ ತೂಬು ಈ ಕಡೆ ಐತೆ. ಆಗ ಗದ್ದೆ ಆ ಕಡೆ ಇದ್ದಿದ್ರೆ ತೂಬು ಬ್ಯಾರೆ ಕಡೆ ಇರಬೇಕಾಗಿತ್ತಲ್ಲ ಕಣೇ" ಅಂದ. ನನ್ನ ಎಂ.ಎ. ತರಗತಿಯಲ್ಲಿ ಯಾರೂ ಆ ಪ್ರಶ್ನೆ ಕೇಳುತ್ತಿರಲಿಲ್ಲ. ಕಲ್ಲು ಓದಲು ನನಗೆ ಬರುತ್ತಿತ್ತು, ಅದನ್ನು ಏನು ಕೇಳಬೇಕೆಂದು ಅವನಿಗೆ ಗೊತ್ತಿತ್ತು. ಅವನನ್ನು ಆ ಗ್ರಂಥಾಲಯದಲ್ಲಿ ಎರಡು ವರ್ಷ ಕೂರಿಸಿದ್ದರೆ ಏನಾಗುತ್ತಿದ್ದ ಎಂಬ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಒಮ್ಮೆ ಯಾರೋ ನೆಂಟರು, "ನೀನು ಕಾಲೇಜು ಬಿಟ್ಟದ್ದೇ ಒಳ್ಳೇದಾಯ್ತು ಬಿಡು, ಸಂಬಳದವರಿಗಿಂತ ಚೆನ್ನಾಗಿದೀಯ" ಎಂದಾಗ ಅಣ್ಣ ಹೇಳಿದ್ದು ಒಂದೇ ಮಾತು: "ನಾನು ಬಿಟ್ಟಿದ್ದಲ್ಲ, ಬಿಡಿಸಿದ್ದು."

ನೆಂಟರ ಮಾತಿನಲ್ಲಿ ಸತ್ಯವೂ ಇತ್ತು. ಅಣ್ಣ ಗೆದ್ದವನೇ. ಆದರೆ ಆ ಗೆಲುವಿನ ಕೆಳಗೆ ಏನಿತ್ತು ಎಂದು ನೋಡಬೇಕು. ಅಪ್ಪ ಬಿಟ್ಟುಹೋದ ತೋಟವಿತ್ತು. ಭದ್ರಾ ನಾಲೆಯ ನೀರಿತ್ತು. ಅಡಿಕೆ ಬೆಳೆಗಾರರ ಸಹಕಾರ ಸಂಘ ಚನ್ನಗಿರಿಯಲ್ಲೇ ಇತ್ತು, ಮಾಲು ತೂಕಕ್ಕೆ ಹಾಕಿದರೆ ಸಾಲಕ್ಕೂ ದಾರಿಯಿತ್ತು. 2016ರ ಬರದಲ್ಲಿ ಕೊಳವೆಬಾವಿಗಳು ಬತ್ತಿ, ತಾಲ್ಲೂಕಿನ ಹಾದಿಬೀದಿಯಲ್ಲೆಲ್ಲ ನೀರಿನ ಟ್ಯಾಂಕರುಗಳು ಓಡಾಡಿದವು. ಟ್ಯಾಂಕರಿಗೆ ದುಡ್ಡು ಹಾಕಬಲ್ಲವರ ತೋಟ ಉಳಿಯಿತು, ಹಾಕಲಾಗದವರ ಮರಗಳು ತಲೆ ಬಗ್ಗಿಸಿ ನಿಂತವು. ಅವರೂ ಅಣ್ಣನಷ್ಟೇ ಬುದ್ಧಿವಂತರು, ಅವನಷ್ಟೇ ದುಡಿಯುವವರು. ಡಿಗ್ರಿ ಇಲ್ಲದೆ ಗೆದ್ದವರ ಕಥೆ ಹೇಳುವಾಗ ಈ ನೆಲ, ನೀರು, ಸಂಘ, ಸಾಲದ ಮಾತನ್ನು ನಾವು ಬಿಟ್ಟುಬಿಡುತ್ತೇವೆ. ಬಿಟ್ಟಾಗ ಆ ಕಥೆ ಕೇಳಿದ ಮಗುವಿಗೆ ಅನ್ಯಾಯವಾಗುತ್ತದೆ.

ಹಾಗೆ ಅನ್ಯಾಯವಾದದ್ದನ್ನು ನಾನು ಹೊನ್ನಾಳಿಯಲ್ಲಿ ಕಣ್ಣಾರೆ ಕಂಡೆ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಂದ ಅತಿಥಿಯೊಬ್ಬರು ಬಹಳ ಚೆನ್ನಾಗಿ ಮಾತಾಡಿದರು. ಬಿಲ್ ಗೇಟ್ಸ್ ಕಾಲೇಜು ಬಿಟ್ಟವರು, ಸ್ಟೀವ್ ಜಾಬ್ಸ್ ಕಾಲೇಜು ಬಿಟ್ಟವರು, ನಮ್ಮ ಡಾ. ರಾಜ್‌ಕುಮಾರ್ ಶಾಲೆಯ ಮೆಟ್ಟಿಲನ್ನೇ ಸರಿಯಾಗಿ ಹತ್ತಿದವರಲ್ಲ, ಡಿ.ವಿ.ಜಿ. ಮೆಟ್ರಿಕ್ ಪಾಸಾದವರಲ್ಲ, ಶಿವರಾಮ ಕಾರಂತರು ಗಾಂಧೀಜಿ ಮಾತಿಗೆ ಕಾಲೇಜಿನಿಂದ ಹೊರಬಂದವರು. "ಡಿಗ್ರಿ ಒಂದು ಕಾಗದ ಅಷ್ಟೆ" ಅಂದರು. ಮಕ್ಕಳು ಚಪ್ಪಾಳೆ ಹೊಡೆದರು. ಹೇಳಿದ ಹೆಸರುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಗೇಟ್ಸ್ ಬಿಟ್ಟು ಬಂದದ್ದು ಹಾರ್ವರ್ಡನ್ನು. ಬಿಟ್ಟು ಬರಲು ಮೊದಲು ಅದರೊಳಗೆ ಹೋಗಿರಬೇಕು. ಅವರ ತಂದೆ ವಕೀಲರು, ಸೋತು ಬಂದರೆ ಮನೆ ಇತ್ತು. ಡಿ.ವಿ.ಜಿ.ಯವರಿಗೆ ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, ನಿಜ. ಅದೇ ಡಿ.ವಿ.ಜಿ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಓದುವ, ಚರ್ಚಿಸುವ ಜಾಗ ಜನರಿಗೆ ಬೇಕೇ ಬೇಕು ಎಂದು ಬಲವಾಗಿ ನಂಬಿದವರು ಅವರು.

ಆ ದಿನ ಸಭೆಯಲ್ಲಿ ಕೂತಿದ್ದ ಒಬ್ಬ ಹುಡುಗನ ತಂದೆ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ. ಹುಡುಗ ಜಾಣ, ಮಾತಿನಲ್ಲಿ ಮುಂದು. ಪಿಯುಸಿ ಪಾಸಾಗಿ ಡಿಗ್ರಿಗೆ ಅರ್ಜಿ ಹಾಕಲಿಲ್ಲ. ಕೇಳಿದ್ದಕ್ಕೆ ಆ ಅತಿಥಿಯ ಮಾತನ್ನೇ ನನಗೆ ಒಪ್ಪಿಸಿದ. ಬೆಂಗಳೂರಿಗೆ ಹೋದ. ಕೆಲವು ವರ್ಷಗಳ ಮೇಲೆ ದಾವಣಗೆರೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ, ಯಾರದೋ ಕಾರು ಓಡಿಸುತ್ತಿದ್ದ. ಗೌರವದ ದುಡಿಮೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಅವನೇ ಹೇಳಿದ: "ಮೇಡಂ, ಡ್ರೈವಿಂಗ್ ಬೇಜಾರಿಲ್ಲ. ಆದ್ರೆ ಪರೀಕ್ಷೆಗೆ ಅರ್ಜಿ ಹಾಕಾಣ ಅಂದ್ರೆ ಎಲ್ಲಾ ಕಡೆ ಡಿಗ್ರಿ ಕೇಳ್ತಾರೆ. ಈಗ ಓದೋಕೆ ವಯಸ್ಸೂ ಇಲ್ಲ, ಹೊತ್ತೂ ಇಲ್ಲ." ನಮ್ಮ ರಾಜ್ಯದಲ್ಲಿ ದ್ವಿತೀಯ ದರ್ಜೆ ಸಹಾಯಕರ ಹುದ್ದೆಗೆ ಪಿಯುಸಿ ಸಾಕು, ಪ್ರಥಮ ದರ್ಜೆಗೆ ಪದವಿ ಬೇಕು. ಪೊಲೀಸ್ ಕಾನ್‌ಸ್ಟೆಬಲ್‌ಗೆ ಪಿಯುಸಿ, ಸಬ್ ಇನ್‌ಸ್ಪೆಕ್ಟರ್‌ಗೆ ಪದವಿ. ಹಮಾಲಿಯ ಮಗನಿಗೆ ಈ ಒಂದು ಗೆರೆ ಎಷ್ಟು ದೊಡ್ಡದೆಂದು ವೇದಿಕೆಯ ಮೇಲಿದ್ದವರು ಯೋಚಿಸಲಿಲ್ಲ. ಆ ಅತಿಥಿಯ ಮಕ್ಕಳಿಬ್ಬರೂ ಆಗ ಎಂಜಿನಿಯರಿಂಗ್ ಓದುತ್ತಿದ್ದರು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ನ್ಯಾಮತಿಯಲ್ಲಿ ನಾನಿದ್ದದ್ದು ಕಡಿಮೆ ಕಾಲ. ಹೊನ್ನಾಳಿಯಿಂದ ಬೇರೆಯಾಗಿ ಈಗ ಅದು ತಾಲ್ಲೂಕು. ಸಂತ ಸೇವಾಲಾಲರು ಹುಟ್ಟಿದ್ದೆಂದು ನಂಬುವ ಸೂರಗೊಂಡನಕೊಪ್ಪ ಇರುವುದು ಅಲ್ಲೇ. ಪ್ರತಿ ಫೆಬ್ರುವರಿಯಲ್ಲಿ ಜಯಂತಿಗೆ ಬೇರೆ ರಾಜ್ಯಗಳಿಂದಲೂ ಬಂಜಾರರು ಬರುತ್ತಾರೆ. ಅಕ್ಷರ ಕಲಿಯದ ಅಜ್ಜಿಯರು ಗಂಟೆಗಟ್ಟಲೆ ಹಾಡುವುದನ್ನು ಕೇಳಿದ್ದೇನೆ. ಒಂದು ಸಾಲು ತಪ್ಪದೆ ತಲೆಮಾರುಗಳ ಸಂಗತಿ ಅವರ ಬಾಯಲ್ಲಿದೆ. ಅದೇ ಅಜ್ಜಿಯರ ಮೊಮ್ಮಕ್ಕಳು ಸುಗ್ಗಿ ಮುಗಿಯುತ್ತಲೇ ಹಾಜರಿ ಪುಸ್ತಕದಿಂದ ಕಾಣೆಯಾಗುತ್ತಿದ್ದರು. ತಂದೆತಾಯಿ ಮಂಡ್ಯದ ಕಡೆ ಕಬ್ಬು ಕಡಿಯಲು, ಮಲೆನಾಡಿಗೆ ಕಾಫಿ ಬಿಡಿಸಲು ಹೋದರೆ ಮಕ್ಕಳನ್ನು ಯಾರ ಹತ್ತಿರ ಬಿಡುವುದು? ಅಂಥ ಒಬ್ಬ ಹುಡುಗಿ ಕಬ್ಬಿನ ಗದ್ದೆಯಿಂದ ನೇರ ಪರೀಕ್ಷೆಗೆ ಬಂದು ಕೂತಳು. ಅಂಗೈಯ ತುಂಬ ಗಾಯ, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ, ಆದರೂ ಪಾಸಾದಳು. ಅವಳಿಗೆ ಡಿಗ್ರಿ ಬೇಡ, ಬುದ್ಧಿಯೇ ಸಾಕು ಎಂದು ಹೇಳುವ ನಾಲಗೆ ನನಗಿಲ್ಲ.

ಜಗಳೂರಿಗೆ ಬರುತ್ತೇನೆ. ನನ್ನ ನೌಕರಿಯ ಕೊನೆಯ, ಉದ್ದನೆಯ ಪಾಲು ಅಲ್ಲಿ ಕಳೆಯಿತು. ಚನ್ನಗಿರಿಯಿಂದ ಹೋದವರಿಗೆ ಅದು ಬೇರೆಯೇ ನಾಡು. ನಾಲೆ ಇಲ್ಲ, ಮಳೆ ಕೈಕೊಟ್ಟರೆ ಮೆಕ್ಕೆಜೋಳ ಮೊಣಕಾಲೆತ್ತರಕ್ಕೇ ಒಣಗುತ್ತದೆ. ಭದ್ರಾ ಮೇಲ್ದಂಡೆ ಬರುತ್ತದೆ ಎಂದು ಕಾದವರು, ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಗೆ ಹೋರಾಡಿದವರು ಅಲ್ಲಿ ಮನೆಮನೆಯಲ್ಲಿದ್ದಾರೆ. ದಾವಣಗೆರೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಎಲ್ಲ ಕಾಲೇಜು ಮಕ್ಕಳೇ.

ಅಲ್ಲಿಯ ಒಬ್ಬ ತಂದೆಯನ್ನು ನಾನು ಮರೆಯಲಾರೆ. ಕುರಿ ಕಾಯುವವರು. ಮಗಳು ನನ್ನ ವಿದ್ಯಾರ್ಥಿನಿ. ಅವರ ಊರು ರಂಗಯ್ಯನದುರ್ಗದ ಕಡೆ. ಅಲ್ಲಿಯ ಕುರುಚಲು ಕಾಡನ್ನು ಕೊಂಡುಕುರಿಗಳಿಗಾಗಿ 2011ರಲ್ಲಿ ವನ್ಯಧಾಮ ಎಂದು ಘೋಷಿಸಿದ್ದಾರೆ. ನಾಲ್ಕು ಕೊಂಬಿನ, ಬಹಳ ಅಂಜುಬುರುಕ ಪ್ರಾಣಿ ಅದು. ಮಕ್ಕಳನ್ನು ಕರೆದುಕೊಂಡು ಅತ್ತ ಹೋದಾಗ ಆ ತಂದೆ ನಮ್ಮ ಜೊತೆ ಬಂದರು. ಕಾಡಂಚಿನಲ್ಲಿ ನಡೆಯುತ್ತಾ ಒಂದು ಕಡೆ ನಿಂತು, ನೆಲದ ಮೇಲಿನ ಹಿಕ್ಕೆಯ ಗುಡ್ಡೆ ತೋರಿಸಿ, "ಇದು ಬರೋದು ಇಲ್ಲಿಗೇ. ಎಲ್ಲೆಲ್ಲೋ ಹಾಕಲ್ಲ ಇದು, ಹಾಕಿದ ಜಾಗಕ್ಕೇ ಬರ್ತದೆ. ಕುರಿ ಹಂಗಲ್ಲ" ಅಂದರು. ಹೊಸದು ಯಾವುದು, ವಾರದ ಹಿಂದಿನದು ಯಾವುದು, ಎಷ್ಟು ಪ್ರಾಣಿ ಬಂದಿರಬಹುದು ಎಂದು ಕಡ್ಡಿಯಿಂದ ಕೆದಕಿ ವಿವರಿಸಿದರು. ನಮ್ಮ ಜೀವಶಾಸ್ತ್ರದ ಉಪನ್ಯಾಸಕರು ಬಾಯಿ ಬಿಡದೆ ಬರೆದುಕೊಂಡರು. ಕೊಂಡುಕುರಿ ಹಾಗೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುವುದನ್ನು ಪ್ರಾಣಿಶಾಸ್ತ್ರದವರೂ ದಾಖಲಿಸಿದ್ದಾರೆ.

ಅದೇ ತಂದೆ ಮಗಳ ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಕಾಲೇಜಿಗೆ ಬಂದರು. ಜಾತಿ ಪತ್ರ ಒಂದು ಕಡೆ, ಆದಾಯ ಪತ್ರ ಒಂದು ಕಡೆ, ಆಧಾರ್‌ನಲ್ಲಿ ಹೆಸರು ಒಂದು ಥರ, ಅಂಕಪಟ್ಟಿಯಲ್ಲಿ ಇನ್ನೊಂದು ಥರ. ಮೂರು ಸಲ ಅಲೆದಾಡಿದ್ದರಂತೆ. ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಕಂಬಳಿಗೆ ಒರೆಸಿಕೊಳ್ಳುತ್ತಾ ಹೇಳಿದರು: "ನನ್ನ ತಲೆಯಾಗೆ ಬುದ್ಧಿ ಕಮ್ಮಿ ಇಲ್ಲ ಕಣವ್ವ. ಆದ್ರೆ ಆಪೀಸ್ನಾಗೆ ಬುದ್ಧಿ ಕೇಳಲ್ಲ, ಕಾಗದ ಕೇಳ್ತಾರೆ. ಅದ್ಕೇ ಇವಳು ಓದ್ಲಿ." ಇಷ್ಟು ವರ್ಷ ಪಾಠ ಹೇಳಿದ ನಾನು ಈ ವಿಷಯದಲ್ಲಿ ಇದಕ್ಕಿಂತ ಸರಿಯಾದ ಮಾತು ಕೇಳಿಲ್ಲ.

ಮಗಳ ಲೆಕ್ಕ ಇನ್ನೊಂದಿತ್ತು. "ಡಿಗ್ರಿ ಮುಗಿಯೋವರೆಗೂ ಮದುವೆ ಮಾತು ಎತ್ತಲ್ಲ ಅಂತ ಅಪ್ಪ ಒಪ್ಪಿದಾರೆ ಮೇಡಂ" ಎಂದು ಒಂದು ದಿನ ಹೇಳಿದಳು. ಓದುವ ಹುಡುಗಿಗೆ ಆ ಮೂರು ವರ್ಷ ಯಾರೂ ಕಸಿಯಲಾಗದ ಮೂರು ವರ್ಷ. ಹೊರಗಿನ ಜಗತ್ತು ಕಾಣುತ್ತದೆ, ಬಸ್ಸಿನಲ್ಲಿ ಒಬ್ಬಳೇ ಹೋಗಿಬರುವ ಧೈರ್ಯ ಬರುತ್ತದೆ, ಗೆಳತಿಯರಾಗುತ್ತಾರೆ, ಬ್ಯಾಂಕಿನ ಖಾತೆ ತನ್ನ ಹೆಸರಲ್ಲಿ ಇರುತ್ತದೆ. 2023ರಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡಿನ ನೆಪವೂ ಮನೆಯವರಿಗೆ ಉಳಿಯಲಿಲ್ಲ. ಪಟ್ಟಣದ ಗಂಡು ಹುಡುಗ ಡಿಗ್ರಿಯನ್ನು ಹಗುರವಾಗಿ ಮಾತಾಡಬಹುದು. ಜಗಳೂರಿನ ಹುಡುಗಿಗೆ ಅದು ಅವಳ ಆಯುಷ್ಯದ ಪ್ರಶ್ನೆ.

ಜಗಳೂರಿಗೆ ತೀರ ದೂರವಲ್ಲದ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸಿರಿಯಜ್ಜಿ ಇದ್ದರು. ಅಕ್ಷರ ಕಲಿತವರಲ್ಲ. ಸಾವಿರಾರು ಪದ ಅವರ ಬಾಯಲ್ಲಿತ್ತು. ಜಾನಪದ ಸಂಶೋಧಕ ಕೃಷ್ಣಮೂರ್ತಿ ಹನೂರರಂಥವರು ಅವರ ಹತ್ತಿರ ಕೂತು ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಬುರ್ರಕಥೆಯ ದರೋಜಿ ಈರಮ್ಮನವರಿಗೂ ಕೊಟ್ಟಿತು. ವಿಶ್ವವಿದ್ಯಾಲಯವೊಂದು ತನ್ನ ದೊಡ್ಡ ಗೌರವವನ್ನು ಓದುಬರಹ ಬಾರದವರಿಗೆ ಕೊಡುವುದನ್ನು ನಾನು ಹೆಮ್ಮೆಯಿಂದ ಪಾಠದಲ್ಲಿ ಹೇಳುತ್ತಿದ್ದೆ. ಜೊತೆಗೆ ಹರೇಕಳ ಹಾಜಬ್ಬರ ಕಥೆ ಹೇಳುತ್ತಿದ್ದೆ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರೊಬ್ಬರು ಹಣ್ಣಿನ ಬೆಲೆ ಕೇಳಿದಾಗ ಭಾಷೆ ತಿಳಿಯದೆ ನಾಚಿಕೊಂಡವರು, ತನ್ನೂರಿನ ಮಕ್ಕಳಿಗೆ ಹಾಗಾಗಬಾರದೆಂದು ದುಡಿದ ದುಡ್ಡಿನಲ್ಲಿ ಶಾಲೆ ಕಟ್ಟಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಓದಿಲ್ಲದೆಯೂ ದೊಡ್ಡವರಾದರು ಎಂದು ಜನ ಹಾಜಬ್ಬರನ್ನು ತೋರಿಸುತ್ತಾರೆ. ಹಾಜಬ್ಬರು ತೋರಿಸಿದ್ದು ಶಾಲೆಯನ್ನು.

ವಿಶ್ವವಿದ್ಯಾಲಯಗಳನ್ನು ಹೊಗಳಿ ಮುಗಿಸಲು ನನಗೆ ಮನಸ್ಸಿಲ್ಲ. ನಮ್ಮ ಮಕ್ಕಳು ಮೂರು ವರ್ಷ ಗೈಡು, ಪ್ರಶ್ನೋತ್ತರ ಮಾಲೆ ಓದಿ ಪಾಸಾಗುತ್ತಾರೆ. ಮೂಲ ಪುಸ್ತಕವೊಂದನ್ನೂ ಮುಟ್ಟದೆ ಎಂ.ಎ. ಮುಗಿಸಿದವರನ್ನು ಕಂಡಿದ್ದೇನೆ. 2021ರಲ್ಲಿ ಹೊಸ ಶಿಕ್ಷಣ ನೀತಿ ಎಂದು ನಾಲ್ಕು ವರ್ಷದ ಪದವಿ ತಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದರು. ನಡುವೆ ಸಿಕ್ಕಿಕೊಂಡದ್ದು ಮಕ್ಕಳು. ಪದವಿ ಕಾಲೇಜುಗಳ ಪಾಠದ ಭಾರದಲ್ಲಿ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಂ.ಎ., ಬಿ.ಇಡಿ. ಮುಗಿಸಿ ಅತಿಥಿ ಉಪನ್ಯಾಸಕನಾಗಿ ದುಡಿದು, ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. "ಓದಿದ್ದಕ್ಕೆ ಬೇಜಾರಿಲ್ಲ ಮೇಡಂ. ಆದ್ರೆ ಓದಿದೋನು ಅಂತ ಊರಲ್ಲಿ ಯಾರೂ ಕೂಲಿಗೆ ಕರಿಯಲ್ಲ, ಓದಿದ್ದಕ್ಕೆ ತಕ್ಕ ಕೆಲಸಾನೂ ಇಲ್ಲ" ಅಂದಿದ್ದ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿಯನ್ನು ಸರ್ಕಾರ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲೇ ಆರಂಭಿಸಿತು. ಡಿಗ್ರಿ ಪಡೆದವರಿಗೆ ಡಿಗ್ರಿಯೊಂದೇ ಸಾಕಾಗುತ್ತಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗೆ ಅದು. ಅದೇ ವರ್ಷ ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆಗೆ ಪಿಯುಸಿ ಅರ್ಹತೆಯ ಮೇಲೆ ಅರ್ಜಿ ಕರೆದಾಗ, ಸೈಬರ್ ಅಂಗಡಿಯ ಮುಂದಿನ ಸಾಲಿನಲ್ಲಿ ಎಂ.ಎ. ಆದವರು ನಿಂತಿದ್ದರು.

ಇಷ್ಟಾದರೂ ಆ ಸಾಲಿನಲ್ಲಿ ನಿಂತವರು ಅರ್ಜಿ ಹಾಕಬಲ್ಲವರು ಎಂಬುದನ್ನು ನಾನು ಮರೆಯುವುದಿಲ್ಲ. ಕರ್ನಾಟಕದಲ್ಲಿ ಕಾಲೇಜು ಓದುವ ವಯಸ್ಸಿನ ನೂರು ಮಂದಿಯಲ್ಲಿ ಉನ್ನತ ಶಿಕ್ಷಣಕ್ಕೆ ಸೇರುವವರು 36ರ ಆಸುಪಾಸು ಮಾತ್ರ. ಉಳಿದವರಲ್ಲಿ ನಮ್ಮಣ್ಣನಂತೆ ತೋಟ ಇರುವವರು ಎಷ್ಟು ಜನ? ಡಿಗ್ರಿ ಬೇಡ ಎಂದು ಆರಿಸಿಕೊಂಡವರು ಎಷ್ಟು, ಬಿಡಬೇಕಾಗಿ ಬಂದವರು ಎಷ್ಟು? ಬುದ್ಧಿಗೆ ವಿಶ್ವವಿದ್ಯಾಲಯ ಬೇಕಿಲ್ಲ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಏಳಿಗೆಗೆ ಬೇಕೋ ಬೇಡವೋ ಎನ್ನುವುದು ಕಾಲ ಕೆಳಗೆ ಇನ್ನೇನಿದೆ ಎನ್ನುವುದರ ಮೇಲಿದೆ. ನೆಲ, ನೀರು, ಗುರುತಿನವರು, ಸೋತರೆ ಎತ್ತಿಕೊಳ್ಳುವ ಮನೆ, ಇವು ಇದ್ದವರು ಬಿಡಬಹುದು. ಇಲ್ಲದವರು ಬಿಡಬಾರದು, ಬಿಡಿ ಎಂದು ಅವರಿಗೆ ಯಾರೂ ಹೇಳಬಾರದು.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಈ ವರ್ಷ ಪಿಯುಸಿ ಮುಗಿಸಿದ ಮಗುವಿದ್ದರೆ ನನ್ನದೊಂದು ಕೋರಿಕೆ. ತೋಟಕ್ಕೆ ಇಳಿಯುತ್ತೇನೆ, ಗ್ಯಾರೇಜ್ ಹಾಕುತ್ತೇನೆ ಎಂದು ಇಷ್ಟಪಟ್ಟು ಹೇಳುವ ಹುಡುಗನನ್ನು ದಡ್ಡ ಎನ್ನಬೇಡಿ, ಅವನ ಕೆಲಸಕ್ಕೆ ಬೆಲೆ ಕೊಡಿ, ಹೆಣ್ಣು ಕೊಡುವಾಗಲೂ ಆ ಬೆಲೆ ನೆನಪಿರಲಿ. ಓದಬೇಕೆಂದು ಆಸೆಯಿದ್ದು ಮನೆಯ ಕಷ್ಟಕ್ಕೆ ಬಾಯಿ ಬಿಡದೆ ಕೂತ ಹುಡುಗಿ ಕಂಡರೆ ಅವಳ ಜೊತೆ ಒಮ್ಮೆ ಕಾಲೇಜಿಗೆ ಹೋಗಿಬನ್ನಿ. ಸರ್ಕಾರಿ ಕಾಲೇಜು ಹತ್ತಿರದಲ್ಲಿ ಎಲ್ಲಿದೆ, ಹಾಸ್ಟೆಲಿಗೆ ಕೊನೆಯ ದಿನ ಯಾವುದು ಎಂದು ವಿಚಾರಿಸಿ. ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ನೆರವು ಇದೆ, ರೈತರ ಮಕ್ಕಳಾದರೆ ರೈತ ವಿದ್ಯಾನಿಧಿ ಸಿಗುತ್ತದೆಯೇ ಎಂದು ಕೇಳಿ ನೋಡಿ. ಜಾತಿ ಮತ್ತು ಆದಾಯ ಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ನಾಡಕಚೇರಿಯಲ್ಲಿ ಮಾಡಿಸಿಡಿ. ಆಧಾರ್‌ನಲ್ಲೂ ಅಂಕಪಟ್ಟಿಯಲ್ಲೂ ಹೆಸರು ಒಂದೇ ಥರ ಇದೆಯೇ ಎಂದು ಇವತ್ತೇ ನೋಡಿ.